ಗಿಡ್ಡ ಕಾವಿನ ಗುದ್ದಲಿ

ವಾಷಿಂಗ್ಟನ್ ನಗರದಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯವಿದೆ. ಅಲ್ಲಿ ಜೋಪಾನವಾಗಿ ಇಟ್ಟಿರುವ ವಸ್ತುಗಳಲ್ಲಿ ಒಂದು ಗುದ್ದಲಿಯೂ ಸೇರಿದೆ. ಅದು ಲಿಬ್ರಾಡೊ ಚಾವೆಸ್ ಎಂಬವರದು. ಅಮೆರಿಕದ ಹೊಲಗೂಲಿಗಳ ಸಂಘ ಕಟ್ಟಿದ ಸೀಸರ್ ಚಾವೆಸ್ ಅವರ ತಂದೆ. ಅಂಥ ಗುದ್ದಲಿಗಳ ಅಲಗಿನಲ್ಲಿ ವಿಶೇಷವೇನೂ ಇಲ್ಲ, ವಿಶೇಷವಿರುವುದು ಕಾವಿನಲ್ಲಿ. ಒಂದಡಿ, ಹೆಚ್ಚೆಂದರೆ ಒಂದೂವರೆ ಅಡಿ, ಅಷ್ಟೇ ಉದ್ದ. ಅದನ್ನು ಹಿಡಿದು ನೆಲ ಕೆದಕಬೇಕಾದರೆ ಆಳು ಸೊಂಟದಿಂದ ಪೂರ್ತಿ ಮಡಚಿಕೊಳ್ಳಬೇಕು, ತಲೆ ಮೊಣಕಾಲಿನ ಮಟ್ಟಕ್ಕೆ ಬರಬೇಕು. ಮೆಕ್ಸಿಕೊ ಮೂಲದ ಕೂಲಿಗಳು ಅದನ್ನು 'ಎಲ್ ಕೊರ್ತಿತೊ' ಎನ್ನುತ್ತಿದ್ದರು. ಗಿಡ್ಡನೆಯದು ಎಂದು ಅರ್ಥ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಮುಕ್ಕಾಲು ಶತಮಾನದಷ್ಟು ಕಾಲ ಜನ ಇದನ್ನು ಹಿಡಿದು ಬಗ್ಗಿದರು. 1975ರಲ್ಲಿ ಕಾನೂನು ಇದನ್ನು ನಿಷೇಧಿಸಿತು.

ನಾನು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಬಳಿ ಬರುವವರಲ್ಲಿ ಮುಕ್ಕಾಲು ಪಾಲು ಸೊಂಟನೋವಿನವರು, ಅವರಲ್ಲೂ ಹೆಚ್ಚಿನವರು ನಾಟಿ ಹಾಕುವ, ಕಳೆ ಕೀಳುವ, ಕಬ್ಬಿನ ಸೋಗೆ ಬಿಡಿಸುವ ಹೆಂಗಸರು. ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಫೋಟೋನೂ ಹಿಡ್ಸುದ್ದಾಯ್ತು ಕನವ್ವ, ಮೂಳೆಗೇನೂ ಆಗಿಲ್ಲ ಅಂದ್ರು. ಏನೂ ಆಗ್ದಿದ್ ಮ್ಯಾಕೆ ಯಾಕವ್ವ ಹಿಂಗ್ ನೋಯ್ತದೆ?" ಎಕ್ಸ್‌ರೇ ಉತ್ತರ ಕೊಡದ ಈ ಪ್ರಶ್ನೆಗೆ ಇತಿಹಾಸದಲ್ಲಿ ಒಮ್ಮೆಯಾದರೂ ಸರಿಯಾದ ಉತ್ತರ ಸಿಕ್ಕಿದ್ದು ಸಲೀನಾಸ್ ಕಣಿವೆಯಲ್ಲಿ ಎಂದು ನಾನು ನಂಬಿದ್ದೇನೆ. ನನ್ನ ಕಸುಬಿನ ಪಠ್ಯಪುಸ್ತಕಗಳಲ್ಲಿ ನಾನು ಈ ಕಥೆಯನ್ನು ಕಂಡಿಲ್ಲ. ಇರಬೇಕಿತ್ತು.

ಸಲೀನಾಸ್ ಕಣಿವೆ ಕ್ಯಾಲಿಫೋರ್ನಿಯಾದ ಕರಾವಳಿಯ ಬೆಟ್ಟಗಳ ಹಿಂದೆ ಉದ್ದಕ್ಕೆ ಚಾಚಿಕೊಂಡ ಫಲವತ್ತಾದ ಬಯಲು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಹುಟ್ಟಿ ಬೆಳೆದ ಊರು ಸಲೀನಾಸ್. 1899ರಲ್ಲಿ ಕ್ಲಾಸ್ ಸ್ಪ್ರೆಕಲ್ಸ್ ಎಂಬ ಉದ್ಯಮಿ ಊರಿನ ಪಕ್ಕದಲ್ಲೇ ಭಾರಿ ಸಕ್ಕರೆ ಕಾರ್ಖಾನೆಯೊಂದನ್ನು ತೆರೆದ. ಅಲ್ಲಿ ಅರೆಯುತ್ತಿದ್ದುದು ಕಬ್ಬನ್ನಲ್ಲ, ಸಕ್ಕರೆ ಬೀಟ್ ಎಂಬ ಬಿಳಿ ಗೆಡ್ಡೆಯನ್ನು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೆ ನಾಲೆ ಬಯಲಿನ ಊರುಗಳಲ್ಲಿ ಬೆಳೆಯೂ ಕೂಲಿಯೂ ವರ್ಷದ ಲೆಕ್ಕಾಚಾರವೂ ಬದಲಾದುದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಸಕ್ಕರೆ ಕಾರ್ಖಾನೆ ಬಂದ ಕಡೆ ಸುತ್ತಲಿನ ಹೊಲಗಳೆಲ್ಲ ಅದರ ಹೊಟ್ಟೆ ತುಂಬಿಸಲು ನಿಲ್ಲುತ್ತವೆ. ಸಲೀನಾಸಿನಲ್ಲೂ ಹಾಗೇ ಆಯಿತು.

ಬಗ್ಗುವ ಕೆಲಸದ ಮೂಲ ಬೀಟ್ ಬೀಜದಲ್ಲಿತ್ತು. ಬೀಟಿನ ಬೀಜ ಎಂದು ಬಿತ್ತುತ್ತಿದ್ದುದು ಒಂಟಿ ಬೀಜವಲ್ಲ, ಹಲವು ಬೀಜಗಳು ಒಟ್ಟಿಗೆ ಅಂಟಿಕೊಂಡ ಒರಟು ಉಂಡೆ. ಒಂದನ್ನು ಹಾಕಿದರೆ ಎರಡೋ ಮೂರೋ ನಾಲ್ಕೋ ಮೊಳಕೆ ಒಂದೇ ಕಡೆ ಹೆಣೆದುಕೊಂಡು ಏಳುತ್ತಿದ್ದವು. ಹಾಗೇ ಬಿಟ್ಟರೆ ಯಾವುದರ ಗೆಡ್ಡೆಯೂ ದಪ್ಪವಾಗದು. ಆದ್ದರಿಂದ ಸಾಲಿನುದ್ದಕ್ಕೂ ಸಾಗುತ್ತ, ಸುಮಾರು ಒಂದಡಿಗೆ ಒಂದು ಸಸಿ ಉಳಿಸಿ, ಉಳಿದವನ್ನು ಕೆದಕಿ ತೆಗೆಯಬೇಕು. ಬಲಗೈಯಲ್ಲಿ ಗುದ್ದಲಿ, ಎಡಗೈಯಲ್ಲಿ ಜೋಡಿ ಮೊಳಕೆಗಳನ್ನು ಬಿಡಿಸುವುದು. ಎರಡೂ ಕೈ ನೆಲದ ಮಟ್ಟದಲ್ಲಿ ಇರಬೇಕಾದ್ದರಿಂದ ಗಿಡ್ಡ ಕಾವೇ ಬೇಕು ಎಂಬುದು ಜಮೀನುದಾರರ ಲೆಕ್ಕ. 1948ರಲ್ಲಿ ಯುಕ್ರೇನಿನಿಂದ ಬಂದಿದ್ದ ಸಾವಿಟ್‌ಸ್ಕಿ ಎಂಬ ತಳಿವಿಜ್ಞಾನಿ ಆರೆಗನ್ ರಾಜ್ಯದ ಬೀಜದ ಹೊಲದಲ್ಲಿ ಒಂಟಿ ಮೊಳಕೆಯ ಬೀಟ್ ಗಿಡಗಳನ್ನು ಹುಡುಕಿ ತೆಗೆದರು. ಆ ತಳಿ ಹರಡಿದಂತೆ ಬೀಟಿನಲ್ಲಿ ಜೋಡಿ ಬಿಡಿಸುವ ಕೆಲಸ ಕಡಿಮೆಯಾಗುತ್ತ ಬಂತು. ಗುದ್ದಲಿ ಮಾತ್ರ ಹೋಗಲಿಲ್ಲ. ಅಷ್ಟರಲ್ಲಿ ಅದು ಲೆಟಿಸ್ ಹೊಲಗಳಿಗೆ ಇಳಿದಿತ್ತು. ಕಾರಣ ಹೋದ ಮೇಲೂ ಕೆಲಸದ ರೂಢಿ ಉಳಿದುಕೊಳ್ಳುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಕಂಡಿಲ್ಲ.

ಈ ಗುದ್ದಲಿ ಹಿಡಿದವರು ಒಬ್ಬರಾದ ಮೇಲೊಬ್ಬರಂತೆ ಹೊರಗಿನಿಂದ ಬಂದವರು. ಮೊದಲು ಚೀನೀಯರು. 1882ರ ಕಾನೂನು ಚೀನಾದ ಕೂಲಿಗಳಿಗೆ ಬಾಗಿಲು ಹಾಕಿದ ಮೇಲೆ ಜಪಾನೀಯರು, ಆಮೇಲೆ ಫಿಲಿಪೀನ್ಸಿನವರು, ಮೆಕ್ಸಿಕೊದವರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪಂಜಾಬಿನಿಂದ ಹಡಗು ಹತ್ತಿ ಹೋದ ಸಿಖ್ಖರೂ ಕ್ಯಾಲಿಫೋರ್ನಿಯಾದ ಬೀಟ್ ಹೊಲಗಳಲ್ಲಿ ದುಡಿದಿದ್ದಾರೆ. 1942ರಿಂದ 1964ರ ಕೊನೆಯವರೆಗೆ ನಡೆದ ಬ್ರಸೇರೊ ಯೋಜನೆಯಲ್ಲಿ ಮೆಕ್ಸಿಕೊದ ಗಂಡಸರನ್ನು ತಾತ್ಕಾಲಿಕ ಕರಾರಿನ ಮೇಲೆ ಕರೆತರುತ್ತಿದ್ದರು. ಒಟ್ಟು ಕರಾರುಗಳ ಸಂಖ್ಯೆ 45 ಲಕ್ಷ ದಾಟಿತು. ಬೆನ್ನು ಕೆಟ್ಟವನು ಊರಿಗೆ ಹೋಗುತ್ತಿದ್ದ, ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಿದ್ದ. ಕೆಟ್ಟ ಬೆನ್ನಿನ ಲೆಕ್ಕ ಕ್ಯಾಲಿಫೋರ್ನಿಯಾದ ಯಾವ ಪುಸ್ತಕದಲ್ಲೂ ಏರದೆ ಇರಲು ಇದೇ ಒಂದು ಕಾರಣವೆಂದು ನನಗನ್ನಿಸುತ್ತದೆ. ಮೆಕ್ಸಿಕೊದವರು ಕುಳ್ಳು ಮೈಕಟ್ಟಿನವರು, ನೆಲಕ್ಕೆ ಹತ್ತಿರದವರು, ಬಗ್ಗುವ ಕೆಲಸಕ್ಕೆ ಹೇಳಿ ಮಾಡಿಸಿದವರು ಎಂಬ ಮಾತು ಜಮೀನುದಾರರ ನಡುವೆ ಸಲೀಸಾಗಿ ಓಡಾಡುತ್ತಿತ್ತು. ನಮ್ಮಲ್ಲೂ "ಅವರಿಗೆ ರೂಢಿ ಇದೆ ಬಿಡಿ" ಎನ್ನುತ್ತಾರೆ. ಅದೇ ಮಾತು. ರೂಢಿಯಾದ ಮಾತ್ರಕ್ಕೆ ಬೆನ್ನುಮೂಳೆಯ ಮಣಿಗಳ ನಡುವಿನ ಗಾದಿ ಬೇರೆ ಪದಾರ್ಥದ್ದಾಗುವುದಿಲ್ಲ.

1956ರಲ್ಲಿ ಲೆನಾರ್ಡ್ ನಾಡೆಲ್ ಎಂಬ ಛಾಯಾಗ್ರಾಹಕ ಈ ಕೂಲಿಗಳ ಬದುಕನ್ನು ಸೆರೆಹಿಡಿದ. ಆ ಚಿತ್ರಗಳೂ ಈಗ ಸ್ಮಿತ್ಸೋನಿಯನ್‌ನಲ್ಲಿವೆ. ಬಯಲಿನಲ್ಲಿ ಸಾಲಾಗಿ ಬಗ್ಗಿದ ಬೆನ್ನುಗಳನ್ನು ಆ ಚಿತ್ರಗಳಲ್ಲಿ ಕಂಡಾಗ ನನ್ನ ಕಣ್ಣು ಹೋಗುವುದು ಮೊಣಕಾಲಿನ ಕಡೆಗೆ. ಮೊಣಕಾಲು ಹೆಚ್ಚು ಮಡಚಿದರೆ ತೊಡೆ ಸೋಲುತ್ತದೆ, ನೆಟ್ಟಗಿಟ್ಟರೆ ಸೊಂಟ ಸೋಲುತ್ತದೆ. ದಿನಗಟ್ಟಲೆ ಸಾಲು ಮುಗಿಸಬೇಕಾದವರು ತೊಡೆಯನ್ನು ಉಳಿಸಿಕೊಂಡು ಸೊಂಟವನ್ನು ಬಿಟ್ಟುಕೊಡುತ್ತಾರೆ. ನಾಟಿಯ ಗದ್ದೆಯಲ್ಲಿ ನಮ್ಮ ಹೆಂಗಸರು ಮಾಡುವುದೂ ಅದನ್ನೇ.

ಬಗ್ಗುವುದೇ ಕೆಟ್ಟದ್ದಲ್ಲ. ಇದನ್ನು ಒತ್ತಿ ಹೇಳಬೇಕು. ನೋವಿಗೆ ಹೆದರಿ ಬಗ್ಗುವುದನ್ನೇ ಬಿಟ್ಟು ಮರದ ಕೊರಡಿನಂತಾದವರನ್ನು ಮತ್ತೆ ಬಗ್ಗುವಂತೆ ಮಾಡುವುದು ನನ್ನ ಕೆಲಸದ ಅರ್ಧ ಭಾಗ. ಬೆನ್ನು ಇರುವುದೇ ಬಗ್ಗಲು, ತಿರುಗಲು, ಎತ್ತಲು. ತೊಂದರೆ ಬರುವುದು ಬಗ್ಗಿ, ಅಲ್ಲೇ ನಿಂತು, ಮೇಲೇಳಲು ಬಿಡುವಿಲ್ಲದಾಗ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬಿಬ್ಬರು ಸಂಶೋಧಕರು ಬೆನ್ನಿನ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದರು. ಮನುಷ್ಯ ಮುಂದಕ್ಕೆ ಬಾಗುತ್ತ ಹೋದಂತೆ ಸ್ನಾಯುಗಳು ಭಾರ ಹಿಡಿದುಕೊಳ್ಳುತ್ತವೆ. ಪೂರ್ತಿ ಬಗ್ಗಿದ ಮೇಲೆ ಅವು ಇದ್ದಕ್ಕಿದ್ದಂತೆ ಸುಮ್ಮನಾಗಿಬಿಡುತ್ತವೆ. ಆಗ ಮೈಯ ಮೇಲ್ಭಾಗದ ಭಾರವೆಲ್ಲ ಮೂಳೆ ಮೂಳೆಗಳನ್ನು ಬಿಗಿದ ಕಟ್ಟುಗಳ ಮೇಲೆ, ನಡುವಿನ ಗಾದಿಗಳ ಮೇಲೆ ನೇತುಬೀಳುತ್ತದೆ. ಆ ಕಟ್ಟುಗಳು ಹೊತ್ತು ಹೋದಂತೆ ಹಗ್ಗದ ಮಂಚದ ನುಲಿಯ ಹಾಗೆ ಜೋಲುತ್ತವೆ, ಎದ್ದು ನಿಂತ ಕೂಡಲೇ ಮತ್ತೆ ಬಿಗಿಯಾಗುವುದಿಲ್ಲ. ಜೋಲು ಬಿದ್ದ ಹೊತ್ತಿನಲ್ಲಿ ಒಂದು ಮೂಟೆ ಎತ್ತಿದರೆ, ಒಂದು ಕೊಡ ನೀರು ಹೊತ್ತರೆ, ಅವತ್ತಿಗೆ ಸೊಂಟ ಹಿಡಿಯಿತು. ಅದಕ್ಕೇ ಎಷ್ಟೋ ಜನ "ಕೊಡ ಎತ್ತಿದೆ, ಹಿಡ್ಕಂತು" ಎಂದು ಕೊಡದ ಮೇಲೆ ತಪ್ಪು ಹೊರಿಸುತ್ತಾರೆ. ಬೆಳಗ್ಗೆಯಿಂದ ಕಿತ್ತ ಕಳೆಯನ್ನು ಹೇಳುವುದೇ ಇಲ್ಲ.

ಸಲೀನಾಸಿನಲ್ಲಿ ಬಿಡುವಿಲ್ಲದಂತೆ ಮಾಡಿದ್ದೂ ಆ ಗಿಡ್ಡ ಕಾವೇ. ಮೇಸ್ತ್ರಿ ಹೊಲದ ಅಂಚಿನಲ್ಲಿ ನಿಂತು ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಬಗ್ಗಿದವನು ಕೆಲಸ ಮಾಡುತ್ತಿದ್ದಾನೆ, ನೆಟ್ಟಗಿರುವವನು ಮಾಡುತ್ತಿಲ್ಲ. ಉದ್ದ ಕಾವು ಕೊಟ್ಟರೆ ಈ ಗುರುತು ಅಳಿಸಿಹೋಗುತ್ತದೆ. ಬೆಳೆ ಹಾಳಾಗುತ್ತದೆ, ಸಸಿಗೆ ಪೆಟ್ಟು ಬೀಳುತ್ತದೆ ಎಂದು ಜಮೀನುದಾರರು ಬಹಿರಂಗವಾಗಿ ಹೇಳುತ್ತಿದ್ದರು. ಆದರೆ ಅಮೆರಿಕದ ಬೇರೆಷ್ಟೋ ರಾಜ್ಯಗಳಲ್ಲಿ ಅಂಥವೇ ಬೆಳೆಗಳಿಗೆ ಉದ್ದ ಕಾವಿನ ಗುದ್ದಲಿ ಬಳಕೆಯಲ್ಲಿತ್ತು.

ಇದೇ ಹೊತ್ತಿನಲ್ಲಿ ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ಬೆನ್ನುನೋವಿನ ಕಾರಣವನ್ನು ಬೇರೆ ಕಡೆ ಹುಡುಕುತ್ತಿದ್ದರು. 1934ರಲ್ಲಿ ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ಜಾರಿ ಹೊರಬಂದ ಡಿಸ್ಕ್ ನರವನ್ನು ಒತ್ತಿ ಕಾಲಿಗೆ ಇಳಿಯುವ ನೋವನ್ನು ಹುಟ್ಟಿಸುತ್ತದೆ ಎಂದು ತೋರಿಸಿದರು. ಅದು ನಿಜವಾದ ಶೋಧ, ಅದರಿಂದ ಎಷ್ಟೋ ಜನರಿಗೆ ನಡೆಯುವ ಕಾಲು ಮರಳಿ ಸಿಕ್ಕಿದೆ. ಆದರೆ ಆಮೇಲಿನ ದಶಕಗಳಲ್ಲಿ ಎಲ್ಲ ಸೊಂಟನೋವಿಗೂ ಡಿಸ್ಕನ್ನೇ ಹೊಣೆ ಮಾಡುವ ಹುಮ್ಮಸ್ಸು ಬೆಳೆಯಿತು. 1994ರಲ್ಲಿ ಅಮೆರಿಕದ ಸಂಶೋಧಕರು ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಎಲ್ಲಾದರೂ ಒಂದು ಡಿಸ್ಕ್ ಉಬ್ಬಿಕೊಂಡಿತ್ತು. ಚಿತ್ರದಲ್ಲಿ ಏನೋ ಕಂಡರೆ ಅದೇ ನೋವಿನ ಮೂಲ ಎನ್ನುವಂತಿಲ್ಲ, ಏನೂ ಕಾಣದಿದ್ದರೆ ನೋವು ಸುಳ್ಳು ಎನ್ನುವಂತೆಯೂ ಇಲ್ಲ. ಕೂಲಿಯವರಿಗೆ ಈ ಎರಡನೆಯ ಮಾತು ತಿಳಿದಿರುವುದು ಬಹಳ ಮುಖ್ಯ. ಅವರ ನೋವನ್ನು ಸೋಮಾರಿತನ ಎಂದು ತಳ್ಳಿಹಾಕುವವರು ಮನೆಯಲ್ಲೂ ಇರುತ್ತಾರೆ, ಹೊಲದಲ್ಲೂ ಇರುತ್ತಾರೆ.

ಆ ಕಾಲದ ಅತ್ಯಂತ ಹೆಸರುವಾಸಿ ಬೆನ್ನು ಜಾನ್ ಕೆನಡಿಯವರದು. 1944ರಲ್ಲಿ ಒಂದು ಶಸ್ತ್ರಚಿಕಿತ್ಸೆ, 1954ರಲ್ಲಿ ಲೋಹದ ಪಟ್ಟಿ ಹಾಕಿದ ಇನ್ನೊಂದು, ಅದಕ್ಕೆ ಸೋಂಕು ತಗುಲಿ 1955ರಲ್ಲಿ ಪಟ್ಟಿ ತೆಗೆದ ಮತ್ತೊಂದು. ನೋವು ಹೋಗಲಿಲ್ಲ. ಆಗ ಬಂದವರು ಜಾನೆಟ್ ಟ್ರಾವೆಲ್ ಎಂಬ ವೈದ್ಯೆ, ಮುಂದೆ ಅಧ್ಯಕ್ಷರ ಖಾಸಗಿ ವೈದ್ಯರಾದ ಮೊದಲ ಮಹಿಳೆ. ಆಕೆ ಸ್ನಾಯುಗಳಲ್ಲಿ ಗಂಟು ಕಟ್ಟಿದ ನೋವಿನ ತಾಣಗಳನ್ನು ಕೈಯಿಂದ ಮುಟ್ಟಿ ಹುಡುಕುತ್ತಿದ್ದರು, ಅಲ್ಲಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಿದ್ದರು. ಕೆನಡಿಯವರ ಒಂದು ಕಾಲು ತುಸು ಗಿಡ್ಡವೆಂದು ಕಂಡು ಬೂಟಿನ ಹಿಮ್ಮಡಿ ಎತ್ತರಿಸಿದರು, ತೂಗುಕುರ್ಚಿಯಲ್ಲಿ ಕೂರಲು ಹೇಳಿದರು. 1961ರಲ್ಲಿ ಹ್ಯಾನ್ಸ್ ಕ್ರೌಸ್ ಎಂಬ ವೈದ್ಯರು ಬಂದು ಅಧ್ಯಕ್ಷರಿಗೆ ವ್ಯಾಯಾಮ ಶುರುಮಾಡಿಸಿದರು. ಆತ ಆಸ್ಟ್ರಿಯಾದಿಂದ ಬಂದವರು, ಬೆಟ್ಟ ಹತ್ತುವುದರಲ್ಲಿ ಹೆಸರು ಮಾಡಿದವರು. ಚುಚ್ಚುಮದ್ದಿಗಿಂತ ಸ್ನಾಯುವಿನ ಬಲ ಮತ್ತು ಸಡಿಲಿಕೆಯೇ ಮುಖ್ಯವೆಂದು ಆತ ನಂಬಿದ್ದರು. ನನ್ನ ಕಸುಬಿನವರು ಇಂದೂ ಆ ದಾರಿಯಲ್ಲೇ ಇದ್ದೇವೆ, ಅದು ಸರಿಯಾದ ದಾರಿ ಎಂದೇ ನನ್ನ ಅನುಭವ.

1969ರಲ್ಲಿ ಇದೇ ಟ್ರಾವೆಲ್ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಸೀಸರ್ ಚಾವೆಸ್ ಅವರ ಬೆನ್ನನ್ನು ನೋಡಿದರು. ಚಾವೆಸ್ ಹುಡುಗನಾಗಿದ್ದಾಗಿನಿಂದ ಬೀಟ್, ಲೆಟಿಸ್ ಹೊಲಗಳಲ್ಲಿ ಗಿಡ್ಡ ಗುದ್ದಲಿ ಹಿಡಿದವರು. 1968ರ ಫೆಬ್ರುವರಿ ಮತ್ತು ಮಾರ್ಚಿನಲ್ಲಿ 25 ದಿನ ಉಪವಾಸ ಮಾಡಿದ್ದರು, ಅದೇ ವರ್ಷ ಹಾಸಿಗೆಯಿಂದ ಏಳಲಾಗದಷ್ಟು ಬೆನ್ನುನೋವು ಬಂತು. ಟ್ರಾವೆಲ್ ನೋಡಿದಾಗ ಅವರಲ್ಲೂ ಕಾಲುಗಳ ಉದ್ದದಲ್ಲಿ ವ್ಯತ್ಯಾಸವಿತ್ತು. ಅಧ್ಯಕ್ಷರಿಗೆ ಹೇಳಿದ ತೂಗುಕುರ್ಚಿಯೇ ಹೊಲಗೂಲಿಗಳ ನಾಯಕನ ಕೋಣೆಗೂ ಬಂತು.

ಚಾವೆಸ್ ತಮ್ಮ ಬೆನ್ನು ಹಾಳಾದದ್ದು ಆ ಗುದ್ದಲಿಯಿಂದ ಎನ್ನುತ್ತಿದ್ದರು. ವೈದ್ಯೆ ಕಂಡಿದ್ದು ಕಾಲಿನ ವ್ಯತ್ಯಾಸ. ಯಾವುದು ನಿಜ? ಒಬ್ಬ ಮನುಷ್ಯನನ್ನು ಮುಂದೆ ಕೂರಿಸಿಕೊಂಡು ಇದನ್ನು ತೀರ್ಮಾನಿಸಲಾಗದು ಎಂದು ನಾನು ಇಷ್ಟು ವರ್ಷಗಳಲ್ಲಿ ಅರಿತಿದ್ದೇನೆ. ಒಂದೊಂದು ಬೆನ್ನಿನಲ್ಲೂ ಹುಟ್ಟಿನ ಗುಣ, ವಯಸ್ಸು, ಹೆರಿಗೆ, ನಿದ್ದೆಗೆಟ್ಟ ರಾತ್ರಿ, ಸಾಲದ ಚಿಂತೆ, ಕೆಲಸ ಎಲ್ಲವೂ ಬೆರೆತಿರುತ್ತವೆ. ಬಿಡಿಸಲು ಹೋದರೆ ಬಿಡಿಯಾಗಿ ಏನೂ ಸಿಗದು. ಆದರೆ ಒಂದು ಕಣಿವೆಯಲ್ಲಿ ಒಂದೇ ಉಪಕರಣ ಹಿಡಿದ ಸಾವಿರಾರು ಜನ ಮಧ್ಯವಯಸ್ಸಿಗೆ ಮುಂಚೆಯೇ ಸೊಂಟ ಹಿಡಿದುಕೊಂಡು ನಡೆಯುತ್ತಿದ್ದರೆ ಕಾರಣ ಎಲ್ಲರ ಕಣ್ಣೆದುರಿಗೇ ಇರುತ್ತದೆ. 1700ರಲ್ಲಿ ಇಟಲಿಯ ಬರ್ನಾರ್ಡಿನೊ ರಾಮಝೀನಿ ಕಸುಬುದಾರರ ಕಾಯಿಲೆಗಳ ಮೇಲೆ ಪುಸ್ತಕ ಬರೆದಾಗ, ವೈದ್ಯನು ರೋಗಿಯನ್ನು ಕೇಳಬೇಕಾದ ಹಳೆಯ ಪ್ರಶ್ನೆಗಳ ಜೊತೆಗೆ ನಿನ್ನ ಕೆಲಸ ಏನು ಎಂಬುದನ್ನೂ ಸೇರಿಸಲು ಹೇಳಿದ್ದರು. ಈ ಪ್ರಶ್ನೆಯ ಉತ್ತರ ಒಂದೊಂದೇ ಚೀಟಿಯಲ್ಲಿ ಉಳಿದರೆ ಪ್ರಯೋಜನವಿಲ್ಲ. ಚೀಟಿಗಳನ್ನು ಒಟ್ಟುಗೂಡಿಸುವವರು ಬೇಕು.

ಸಲೀನಾಸಿನಲ್ಲಿ ಒಟ್ಟುಗೂಡಿಸಿದವರು ವಕೀಲರು. 1966ರಲ್ಲಿ ಹಳ್ಳಿಗಾಡಿನ ಬಡವರಿಗೆ ಉಚಿತವಾಗಿ ವಾದಿಸಲೆಂದು ಕ್ಯಾಲಿಫೋರ್ನಿಯಾ ರೂರಲ್ ಲೀಗಲ್ ಅಸಿಸ್ಟೆನ್ಸ್ ಎಂಬ ಸಂಸ್ಥೆ ಹುಟ್ಟಿತ್ತು. ಅದರಲ್ಲಿದ್ದ ಮಾರಿಸ್ ಜೋರ್ಡೇನ್ ಎಂಬ ಯುವ ವಕೀಲರಿಗೆ ಹೊಲಗೂಲಿಗಳೇ ಹೇಳಿದರು, ನಮಗೆ ನಿಜಕ್ಕೂ ಸಹಾಯ ಮಾಡುವುದಿದ್ದರೆ ಆ ಗಿಡ್ಡ ಗುದ್ದಲಿಯನ್ನು ತೊಲಗಿಸು ಎಂದು. 1972ರಲ್ಲಿ ಸೆಬಾಸ್ಟಿಯನ್ ಕಾರ್ಮೋನಾ ಮತ್ತಿತರ ಕೂಲಿಗಳ ಪರವಾಗಿ ರಾಜ್ಯದ ಕೈಗಾರಿಕಾ ಸುರಕ್ಷತಾ ವಿಭಾಗಕ್ಕೆ ಅರ್ಜಿ ಹೋಯಿತು. ವಿಚಾರಣೆಯಲ್ಲಿ ಕೂಲಿಗಳು ಬಂದು ತಮ್ಮ ಬೆನ್ನಿನ ಕಥೆ ಹೇಳಿದರು, ಈ ಗುದ್ದಲಿಯ ದೀರ್ಘ ಬಳಕೆ ಬೆನ್ನುಮೂಳೆಗೆ ಶಾಶ್ವತ ಹಾನಿ ಮಾಡುತ್ತದೆ ಎಂದು ವೈದ್ಯರು ಸಾಕ್ಷಿ ನುಡಿದರು. ಜಮೀನುದಾರರ ಪರ ಬಂದವರು ಬೆಳೆನಷ್ಟ, ದಿವಾಳಿ ಎಂದರು.

1973ರಲ್ಲಿ ವಿಭಾಗ ಅರ್ಜಿಯನ್ನು ತಿರಸ್ಕರಿಸಿತು. ಅಸುರಕ್ಷಿತ ಕೈ ಉಪಕರಣಗಳನ್ನು ಬಳಸಕೂಡದು ಎಂಬ ನಿಯಮ ಆಗಲೇ ಇತ್ತು. ಅದು ಅಲಗು ಸಡಿಲವಾದ, ಕಾವು ಸೀಳಿದ ಉಪಕರಣಗಳಿಗಷ್ಟೇ ಅನ್ವಯಿಸುತ್ತದೆ, ಸುಸ್ಥಿತಿಯಲ್ಲಿರುವ ಗುದ್ದಲಿಯನ್ನು ಅಸುರಕ್ಷಿತ ಎನ್ನಲಾಗದು ಎಂಬುದು ಅಧಿಕಾರಿಗಳ ವಾದ. ಈ ವಾದವನ್ನು ನಾನು ಹಗುರವಾಗಿ ನೋಡಲಾರೆ. ಬೆರಳು ಕತ್ತರಿಸುವ ಯಂತ್ರ ಎಲ್ಲರಿಗೂ ಕಾಣುತ್ತದೆ, ರಕ್ತ ಬರುತ್ತದೆ, ತಾರೀಖು ಇರುತ್ತದೆ. ಹತ್ತು ವರ್ಷದಲ್ಲಿ ಕೂಡುವ ಗಾಯಕ್ಕೆ ತಾರೀಖು ಇಲ್ಲ. ಅದನ್ನು ಗಾಯವೆಂದು ಗುರುತಿಸಲು ಕಾನೂನಿಗೂ ವೈದ್ಯಕ್ಕೂ ಬೇರೆಯೇ ಕಣ್ಣು ಬೇಕಾಗುತ್ತದೆ.

1975ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಆ ಕಣ್ಣು ತೋರಿಸಿತು. ಉಪಕರಣ ಗಟ್ಟಿಮುಟ್ಟಾಗಿದ್ದ ಮಾತ್ರಕ್ಕೆ ಸುರಕ್ಷಿತವಲ್ಲ, ಅದನ್ನು ಬಳಸಬೇಕಾದ ರೀತಿಯಿಂದ ಹಾನಿಯಾಗುವುದಾದರೆ ಅದೂ ಅಸುರಕ್ಷಿತವೇ, ವಿಭಾಗ ನಿಯಮವನ್ನು ಅತಿ ಸಂಕುಚಿತವಾಗಿ ಓದಿದೆ, ಮತ್ತೆ ಪರಿಶೀಲಿಸಲಿ ಎಂಬುದು ತೀರ್ಪಿನ ಸಾರ. ಅದೇ ತಿಂಗಳು ಜೆರ್ರಿ ಬ್ರೌನ್ ಗವರ್ನರ್ ಆಗಿದ್ದರು. ಏಪ್ರಿಲ್‌ನಲ್ಲಿ ಗಿಡ್ಡ ಕಾವಿನ ಗುದ್ದಲಿಯನ್ನು ಅಸುರಕ್ಷಿತವೆಂದು ಘೋಷಿಸಿ ಬಳಕೆ ನಿಲ್ಲಿಸಲಾಯಿತು. ಸಲೀನಾಸಿನ ಲೆಟಿಸ್ ಅಳಿಯಲಿಲ್ಲ. ಉದ್ದ ಕಾವಿನ ಗುದ್ದಲಿಯಲ್ಲೇ ಸಸಿ ಬಿಡಿಸುವುದನ್ನು ಅದೇ ಕೂಲಿಗಳು ಬೇಗ ಕಲಿತರು, ಕಣಿವೆ ಇಂದೂ ಅಮೆರಿಕದ ಸೊಪ್ಪಿನ ತವರಾಗಿಯೇ ಇದೆ. ಬೇರೆಲ್ಲರೂ ಬೆನ್ನಿಗೆ ಮಾತ್ರೆ, ಪಟ್ಟಿ, ಕತ್ತರಿ ಹುಡುಕುತ್ತಿದ್ದಾಗ ಇಲ್ಲಿ ಒಂದು ನ್ಯಾಯಾಲಯ ಮೂರು ಅಡಿ ಹೆಚ್ಚು ಕಟ್ಟಿಗೆಯನ್ನು ಮದ್ದಾಗಿ ಬರೆಯಿತು.

ಕಥೆ ಅಲ್ಲಿಗೆ ಪೂರ್ತಿಯಾಗಲಿಲ್ಲ. ಗುದ್ದಲಿಗೆ ನಿಷೇಧ ಬಂದ ಮೇಲೆ ಎಷ್ಟೋ ಹೊಲಗಳಲ್ಲಿ ಬರಿಗೈಯಿಂದಲೇ ಕಳೆ ಕೀಳಲು ಹಚ್ಚಿದರು. ಕಾವು ಇನ್ನೂ ಗಿಡ್ಡವಾದಂತೆಯೇ ಆಯಿತು. ಇದಕ್ಕೂ ಮಿತಿ ಹಾಕುವ ನಿಯಮ ಬರಲು 2004ರವರೆಗೆ ಕಾಯಬೇಕಾಯಿತು. ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಮೊಣಕಾಲೂರಿ ಕೈಯಿಂದ ಕಳೆ ಕೀಳುವುದನ್ನು ಬೇರೆ ದಾರಿ ಇಲ್ಲದಾಗ ಮಾತ್ರ ಮಾಡಿಸಬಹುದು, ಹಾಗೆ ಮಾಡಿಸಿದಾಗ ಹೆಚ್ಚುವರಿ ಬಿಡುವು ಕೊಡಬೇಕು ಎಂದು ಅದು ಹೇಳಿತು. ಸಾವಯವ ಕೃಷಿಗೆ ಅದರಲ್ಲಿ ವಿನಾಯಿತಿ ಸಿಕ್ಕಿತು. ವಿಷ ಹೊಡೆಯದ ಸೊಪ್ಪನ್ನು ನಾನೂ ಮೆಚ್ಚಿಕೊಂಡು ತರುತ್ತೇನೆ. ಆ ಕಳೆ ಯಾರದೋ ಕೈಯಿಂದ ಹೋಗಿದೆ ಎಂಬುದನ್ನು ಈ ವಿನಾಯಿತಿ ನನಗೆ ನೆನಪಿಸುತ್ತದೆ.

ನಮ್ಮ ಹೊಲಗಳಿಗೆ ಈ ತೀರ್ಪನ್ನು ಹಾಗೇ ತರಲಾಗದು, ಏಕೆಂದರೆ ನಮ್ಮಲ್ಲಿ ಕಾವಿಗಿಂತ ಮುಂಚೆ ಸಾಲಿನ ಪ್ರಶ್ನೆ ಇದೆ. ಕೂರಿಗೆಯಲ್ಲಿ ಬಿತ್ತಿದ ರಾಗಿ, ಜೋಳಕ್ಕೆ ಎತ್ತು ಕಟ್ಟಿ ಎಡೆಕುಂಟೆ ಹೊಡೆಯುತ್ತಿದ್ದರು, ಸಾಲಿನ ನಡುವಿನ ಕಳೆಯೆಲ್ಲ ನಿಂತವರ ಕೈಯಲ್ಲೇ ಹೋಗುತ್ತಿತ್ತು. ಹೆಂಗಸರಿಗೆ ಉಳಿಯುತ್ತಿದ್ದುದು ಸಾಲಿನೊಳಗಿನ ಕಳೆ. ಚೆಲ್ಲಿ ಬಿತ್ತಿದ ಹೊಲದಲ್ಲಿ ಇದು ನಡೆಯದು. ಭತ್ತದಲ್ಲೂ ಅಷ್ಟೇ. ಕೈಗೆ ಬಂದಲ್ಲಿ ಊರುವ ನಾಟಿಯಲ್ಲಿ ಯಾವ ಉದ್ದ ಕಾವಿನ ಉಪಕರಣವೂ ನುಗ್ಗಲಾರದು. ಹಗ್ಗ ಹಿಡಿದು ಸಾಲುನಾಟಿ ಮಾಡಿದ ಗದ್ದೆಯಲ್ಲಿ ಮಾತ್ರ ಕೋನೋ ವೀಡರ್ ತಳ್ಳಿಕೊಂಡು ನಿಂತೇ ಕಳೆ ತೆಗೆಯಬಹುದು. ಅದೂ ಸುಲಭವೇನಲ್ಲ. ಎರೆ ಕೆಸರಿನಲ್ಲಿ ತಳ್ಳಿದರೆ ಭುಜ ಸೇದುತ್ತದೆ ಎಂದು ಹೆಂಗಸರು ಹೇಳುವುದು ನಿಜ, ನೀರು ಸರಿಯಾದ ಮಟ್ಟದಲ್ಲಿ ನಿಂತಿರಬೇಕು. ಒಣ ಹೊಲಕ್ಕೆ ಸೈಕಲ್ ಚಕ್ರ ಕಟ್ಟಿದ ಎಡೆಕುಂಟೆ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಓಡಾಡುತ್ತಿದೆ, ನಮ್ಮ ಕಡೆ ಕಡಿಮೆ. ನಮ್ಮ ಕಡೆ ಈಗಲೂ ಗೇಣುದ್ದದ ಕುರ್ಪಿ, ಸಣ್ಣ ಕುಡುಗೋಲು, ಇಲ್ಲವೇ ಬರಿಗೈ.

ಉದ್ದ ಕಾವಿನದು ತಗೊಳ್ಳಿ ಎಂದು ನಾನು ಹೇಳಿದಾಗ ಒಬ್ಬ ಹೆಂಗಸು ಕೊಟ್ಟ ಉತ್ತರ ಸಲೀನಾಸಿನಿಂದಲೇ ಬಂದ ಹಾಗಿತ್ತು. "ನಿಂತ್ಕಂಡ್ ಮಾಡುದ್ರೆ ಗೌಡ್ರು, ಏನಮ್ಮಿ ನಿಂತೇ ಇದ್ದೀಯಲ್ಲ, ಕೂಲಿ ಸುಮ್ಕೆ ಕೊಡ್ತೀವಾ ಅಂತಾರೆ ಮೇಡಂ." ದಿನಗೂಲಿಯಲ್ಲಿ ಬಗ್ಗಿದ ಬೆನ್ನೇ ಹಾಜರಿ. ಇದನ್ನು ಯಾವ ವ್ಯಾಯಾಮದಿಂದಲೂ ನಾನು ಸರಿಮಾಡಲಾರೆ.

ನನ್ನ ಕೈಯಲ್ಲಿ ಆಗುವುದನ್ನು ಮಾಡುತ್ತೇನೆ. ಕಾಲು ಜೋಮು ಹಿಡಿದು ಬಲ ಕಳೆದುಕೊಂಡಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ, ಜ್ವರ ಇದ್ದರೆ, ಮೈತೂಕ ಇಳಿಯುತ್ತಿದ್ದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಕಳಿಸುತ್ತೇನೆ. ಉಳಿದವರಿಗೆ ಮಲಗಬೇಡಿ, ಓಡಾಡಿ ಎನ್ನುತ್ತೇನೆ. 1986ರಲ್ಲೇ ರಿಚರ್ಡ್ ಡೇಯೋ ಮತ್ತವರ ಜೊತೆಗಾರರು ಬೆನ್ನುನೋವಿಗೆ ಏಳು ದಿನ ಮಲಗಿದವರಿಗೂ ಎರಡು ದಿನ ಮಲಗಿದವರಿಗೂ ಗುಣದಲ್ಲಿ ವ್ಯತ್ಯಾಸವಿಲ್ಲವೆಂದು ತೋರಿಸಿದ್ದರು, ಎರಡು ದಿನದವರು ಬೇಗ ಕೆಲಸಕ್ಕೆ ಹೋದರು. ಒಂದು ಸಾಲು ಮುಗಿದಾಗಲೆಲ್ಲ ಎದ್ದು, ಸೊಂಟದ ಮೇಲೆ ಕೈಯಿಟ್ಟು ನಾಲ್ಕಾರು ಸಲ ಹಿಂದಕ್ಕೆ ಬಾಗಿ, ಬಿಸಿಲಿಗೆ ಮುಖ ಕೊಟ್ಟು ನಿಲ್ಲಿ ಎನ್ನುತ್ತೇನೆ. ಕಳೆ ಕಿತ್ತ ಕೂಡಲೇ ಹುಲ್ಲಿನ ಹೊರೆ ಎತ್ತಬೇಡಿ, ಸ್ವಲ್ಪ ನಡೆದು ಆಮೇಲೆ ಎತ್ತಿ ಎನ್ನುತ್ತೇನೆ. ಮನೆಯಲ್ಲಿ ಮಾಡಲು ಎರಡೇ ವ್ಯಾಯಾಮ ಕೊಡುತ್ತೇನೆ, ಹತ್ತು ಕೊಟ್ಟರೆ ಒಂದನ್ನೂ ಮಾಡಲು ಅವರಿಗೆ ಹೊತ್ತಿರುವುದಿಲ್ಲ.

ಕೃಷಿ ಉಪಕರಣಗಳ ಸಹಾಯಧನ ಸಿಗುವುದು ಪಹಣಿ ಇದ್ದವರಿಗೆ. ಕಳೆ ಕೀಳುವವಳ ಹೆಸರಿನಲ್ಲಿ ಪಹಣಿ ಇರುವುದು ಅಪರೂಪ. ಟ್ರ್ಯಾಕ್ಟರ್, ಪವರ್ ವೀಡರ್ ಹೊಲದ ಒಡೆಯರಿಗೆ ಹೋಗುತ್ತವೆ, ಹೋಗಲಿ. ಅದರ ಜೊತೆಗೆ ಉದ್ದ ಕಾವಿನ ಕಳೆ ಉಪಕರಣಗಳನ್ನು ಸ್ತ್ರೀಶಕ್ತಿ ಸಂಘಗಳ ಮೂಲಕ ಪಹಣಿ ಕೇಳದೆ ಕೊಡಬೇಕು, ಸಾಲುನಾಟಿಗೆ ಕೂಲಿ ಹೆಚ್ಚು ಬೀಳುವುದರಿಂದ ಆ ಹೆಚ್ಚಳಕ್ಕೆ ನೆರವು ಕೊಡಬೇಕು, ಬೆನ್ನುನೋವಿನವರ ಹೊರರೋಗಿ ಚೀಟಿಯಲ್ಲಿ ಕೆಲಸದ ಕಾಲಂ ಇಟ್ಟು ಅದನ್ನು ವರ್ಷಕ್ಕೊಮ್ಮೆಯಾದರೂ ಒಟ್ಟು ಹಾಕಬೇಕು. ಕಾಲಂನಲ್ಲಿ "ಗೃಹಿಣಿ" ಎಂದು ಬರೆದು ಮುಂದಕ್ಕೆ ಹೋಗುವುದು ನಿಲ್ಲಬೇಕು.

ನಮ್ಮ ಪಕ್ಕದ ಹಳ್ಳಿಯ ಒಂದು ಗುಂಪಿನ ಹೆಂಗಸರು ಈ ಮುಂಗಾರಿನಲ್ಲಿ ದಿನಗೂಲಿ ಬಿಟ್ಟು ಎಕರೆ ಲೆಕ್ಕದಲ್ಲಿ ಕಳೆ ಗುತ್ತಿಗೆ ಹಿಡಿದಿದ್ದಾರೆ. ಗುತ್ತಿಗೆಯಲ್ಲಿ ಯಾರು ಎಷ್ಟು ಹೊತ್ತು ನಿಂತರು ಎಂದು ನೋಡುವವರಿಲ್ಲ, ಕಳೆ ಹೋದರಾಯಿತು. ಬೇಗ ಮುಗಿಸುವ ಆಸೆಗೆ ಬಿಡುವಿಲ್ಲದೆ ದುಡಿಯುವ ಅಪಾಯ ಅದರಲ್ಲೂ ಇದೆ, ಅದನ್ನು ಅವರಿಗೆ ಹೇಳಿದ್ದೇನೆ. ಸಂಘದ ದುಡ್ಡಿನಲ್ಲಿ ಕುಲುಮೆಯವರಿಗೆ ಹೇಳಿ ಕಳೆಗುದ್ದಲಿಗಳನ್ನು ಮಾಡಿಸುತ್ತಿದ್ದಾರೆ, ಕಾವು ಎಷ್ಟುದ್ದ ಇಡಿಸುವುದು ಎಂದು ಕೇಳಲು ಹೋದ ವಾರ ನನ್ನಲ್ಲಿಗೆ ಬಂದಿದ್ದರು. ಎಲ್ಲರಿಗೂ ಒಂದೇ ಅಳತೆ ಬೇಡ, ಒಬ್ಬೊಬ್ಬರೂ ನೆಟ್ಟಗೆ ನಿಂತಾಗ ಎದೆಯ ಮಟ್ಟಕ್ಕೆ ಬರುವಷ್ಟು ಇಡಿಸಿ ಎಂದು ಗೋಡೆಗೆ ನಿಲ್ಲಿಸಿ ಗುರುತು ಹಾಕಿಕೊಟ್ಟಿದ್ದೇನೆ.